ಹಳೇ ಲ್ಯಾಪ್‌ಟಾಪ್, ಎರಡು ಗ್ರಾಫಿಕ್ಸ್ ಚಿಪ್: ಯಾವ ಡ್ರೈವರ್ ಉಳಿಯಿತು, ಯಾಕೆ

ಇಂಟೆಲ್ ಎಚ್‌ಡಿ 4000, ಜೊತೆಗೆ ರೇಡಿಯಾನ್ ಎಚ್‌ಡಿ 7670ಎಂ. 2012ರ ಆಸುಪಾಸಿನ ಲ್ಯಾಪ್‌ಟಾಪ್‌ಗಳನ್ನು ಬಳಸಿದವರಿಗೆ ಈ ಜೋಡಿ ಗೊತ್ತೇ ಇರುತ್ತದೆ, ಹಾಗಾಗಿ ಉಳಿದ ವಿವರ ಬೇಡ. ನನ್ನ ತಕರಾರು ಡ್ರೈವರ್ ಬಗ್ಗೆ, ಅಂದರೆ ಈ ಚಿಪ್‌ಗಳನ್ನು ಓಡಿಸುವ ಸಾಫ್ಟ್‌ವೇರ್ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕು ಅಂದರೆ, ಫ್ಯಾನ್ ಸದ್ದಿನ ಬಗ್ಗೆ.

ಮೊದಲು ವಿಂಡೋಸ್. ಈ ರೇಡಿಯಾನ್ ಕಾರ್ಡಿನ ಹೆಸರು 7000 ಸರಣಿಯದಾದರೂ ಒಳಗಿರುವುದು 6000 ಸರಣಿಯ ಕಾಲದ, ಟೆರಾಸ್ಕೇಲ್ ಎಂಬ ಹಳೇ ವಿನ್ಯಾಸದ ಚಿಪ್. ಸ್ಟಿಕರ್ ಮಾತ್ರ ಹೊಸದು. 2015ರ ಕೊನೆಗೆ ರೇಡಿಯಾನ್ ಮಾಡುವ ಎಎಂಡಿ ಕಂಪನಿ ಈ ತಲೆಮಾರನ್ನು ಲೆಗಸಿ ಪಟ್ಟಿಗೆ, ಅಂದರೆ ಹೊಸ ಡ್ರೈವರ್ ಸಿಗದ ಹಳೇ ಕಾರ್ಡ್‌ಗಳ ಪಟ್ಟಿಗೆ ಸೇರಿಸಿತು. ಕೊನೆಯ ಪೂರ್ಣ ಡ್ರೈವರ್ ಕ್ಯಾಟಲಿಸ್ಟ್ 15.7.1. ಆಮೇಲೆ 2016ರಲ್ಲಿ ಕ್ರಿಮ್ಸನ್ 16.2.1 ಅಂತ ಒಂದು ಬೀಟಾ ಬಂತು, ಅಲ್ಲಿಗೆ ಮುಗಿಯಿತು. ವಿಂಡೋಸ್ 10 ಬಂದಿದ್ದೇ 2015ರ ಜುಲೈನಲ್ಲಿ, ಅಂದರೆ ಅದರ ಜೊತೆ ಈ ಕಾರ್ಡ್ ನಡೆದಿದ್ದು ನಾಲ್ಕು ಹೆಜ್ಜೆ ಅಷ್ಟೇ.

ಡ್ರೈವರ್ ಹಳೆಯದಾದರೆ ಏನಾಯಿತು, ಓಡಿದರೆ ಸಾಕಲ್ವಾ ಅನ್ನಬಹುದು. ಒಂದೇ ಚಿಪ್ ಇದ್ದರೆ ಸಾಕು. ಇಲ್ಲಿ ಪರದೆಯ ವೈರ್ ಹೋಗಿರುವುದು ಇಂಟೆಲ್ ಚಿಪ್‌ಗೆ. ರೇಡಿಯಾನ್ ಚಿತ್ರ ಬಿಡಿಸುತ್ತದೆ, ಅದನ್ನು ಇಂಟೆಲ್ ಕಡೆಗೆ ಕಾಪಿ ಮಾಡಿ, ಅಲ್ಲಿಂದ ಪರದೆಗೆ. ಹೀಗಾಗಿ ಎರಡು ಡ್ರೈವರ್‌ಗಳಿಗೂ ಪರಸ್ಪರ ಹೊಂದಾಣಿಕೆ ಇರಬೇಕು. ಲ್ಯಾಪ್‌ಟಾಪ್ ಮಾಡಿದ ಕಂಪನಿ (ಹೆಸರು ಬೇಡ) ಎರಡನ್ನೂ ಒಂದೇ ಕಟ್ಟಿನಲ್ಲಿ ಕೊಟ್ಟಿತ್ತು, ವಿಂಡೋಸ್ 8 ಆದಮೇಲೆ ಆ ಕಟ್ಟನ್ನು ಮುಟ್ಟಿಯೂ ನೋಡಲಿಲ್ಲ. ಈ ಕಡೆ ಸಿಸ್ಟಂ ಅಪ್‌ಡೇಟ್ ರಾತ್ರೋರಾತ್ರಿ ಇಂಟೆಲ್ ಡ್ರೈವರ್ ಒಂದನ್ನು ಮಾತ್ರ ಹೊಸದು ಮಾಡಿಬಿಡುತ್ತಿತ್ತು. ಬೆಳಿಗ್ಗೆ ನೋಡಿದರೆ ರೈಟ್ ಕ್ಲಿಕ್ ಮೆನುವಿನಲ್ಲಿ ಯಾವ ಚಿಪ್ ಬೇಕು ಅಂತ ಆರಿಸುವ ಸ್ವಿಚಬಲ್ ಗ್ರಾಫಿಕ್ಸ್ ಆಯ್ಕೆಯೇ ಮಾಯ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 43, ಅಂದರೆ ಕಾರ್ಡ್‌ನಲ್ಲಿ ತೊಂದರೆ ಕಂಡು ವಿಂಡೋಸ್ ಅದನ್ನು ನಿಲ್ಲಿಸಿದೆ.

ಆಗ ಶುರು ನನ್ನ ಪೂಜೆ. ವೈಫೈ ಬಂದ್. ಸೇಫ್ ಮೋಡ್. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ ಎರಡನ್ನೂ ಬೇರುಸಮೇತ ತೆಗೆಯುವುದು. ರೀಸ್ಟಾರ್ಟ್. ಮೊದಲು ಇಂಟೆಲ್ ಹಾಕಬೇಕು, ಆಮೇಲೆ ರೇಡಿಯಾನ್. ಮತ್ತೆ ರೀಸ್ಟಾರ್ಟ್. ಎಲ್ಲ ಸರಿ ಇದೆ ಅಂತ ನೋಡಿಕೊಂಡು, ಅಪ್‌ಡೇಟ್‌ಗಳು ಡ್ರೈವರ್ ತರದಂತೆ ಸೆಟ್ಟಿಂಗ್ ಬದಲಿಸಿ, ಆಮೇಲಷ್ಟೇ ವೈಫೈ. ಹೀಗೆ ಮಾಡಿದರೆ ಚೆನ್ನಾಗಿಯೇ ಓಡುತ್ತದೆ, ಸುಳ್ಳು ಹೇಳಬಾರದು. ಆದರೆ ದೊಡ್ಡ ಅಪ್‌ಡೇಟ್ ಬಂತು ಅಂದರೆ ಎದೆ ಢವಢವ.

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಇಲ್ಲ, ದುಡ್ಡೂ ಇಲ್ಲ. ಟೈಪಿಂಗ್, ಓದು, ಆಗಾಗ ಒಂದು ಹಳೇ ಗೇಮ್, ಇಷ್ಟೇ ನನ್ನ ಬಳಕೆ. ಹಾಗಾಗಿ ಲಿನಕ್ಸ್‌ಗೆ ಬಂದೆ. ಇಲ್ಲಿ ಡೌನ್‌ಲೋಡ್ ಮಾಡಲು ಏನೂ ಇಲ್ಲ ಅನ್ನುವುದೇ ಮೊದಲ ಸುಖ. ರೇಡಿಯಾನ್ ಡ್ರೈವರ್ ಕರ್ನಲ್ ಒಳಗೇ (ಲಿನಕ್ಸ್‌ನ ತಿರುಳಿನಲ್ಲೇ) ಇದೆ, ಉಳಿದದ್ದು ಮೆಸಾ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರ್ ಜೊತೆ ಬರುತ್ತದೆ. ಎರಡು ಚಿಪ್‌ಗಳ ಡ್ರೈವರ್‌ಗಳೂ ಒಟ್ಟಿಗೇ ಅಪ್‌ಡೇಟ್ ಆಗುವುದರಿಂದ ಜಗಳವೇ ಇಲ್ಲ.

ಆದರೆ ನಾನು ಮನಸೋತಿದ್ದು ಬೇರೆ ವಿಷಯಕ್ಕೆ. ಕರ್ನಲ್‌ನಲ್ಲಿ ವಿಜಿಎ ಸ್ವಿಚರೂ ಅಂತ ಒಂದು ವ್ಯವಸ್ಥೆ ಇದೆ. ಡೀಬಗ್ ಫೋಲ್ಡರ್‌ನಲ್ಲಿ ಅದರ ಪುಟ್ಟ ಫೈಲ್. ರೂಟ್ (ಅಡ್ಮಿನ್) ಆಗಿ ತೆರೆದರೆ ಒಂದು ಸಾಲಿನಲ್ಲಿ ‘ಐಜಿಡಿ’, ಪಕ್ಕದಲ್ಲಿ ಪ್ಲಸ್ ಚಿಹ್ನೆ. ಅದು ಇಂಟೆಲ್. ಇನ್ನೊಂದು ಸಾಲು ‘ಡಿಐಎಸ್’, ಅದರ ಮುಂದೆ ‘ಡೈನ್‌ಆಫ್’. ಅಂದರೆ ರೇಡಿಯಾನ್ ಪೂರ್ತಿ ಆಫ್. ಸುಮ್ನೆ ಕೂತಿರುವುದಲ್ಲ, ಕರೆಂಟೇ ಇಲ್ಲ. ಯಾರೂ ಬಳಸದೆ ಐದು ಸೆಕೆಂಡ್ ಆದರೆ ತಾನಾಗಿ ಮಲಗುತ್ತದೆ, ಬೇಕಾದಾಗ ಏಳುತ್ತದೆ. ನಾನು ಲ್ಯಾಪ್‌ಟಾಪ್ ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಈ ಫೈಲ್ ನೋಡುವುದು. ಅಗತ್ಯವೇನಿಲ್ಲ, ಚಟ. ‘ಡೈನ್‌ಆಫ್’ ಕಂಡರೆ ಏನೋ ಸಮಾಧಾನ. ಮೊದಲು ಟೈಪ್ ಮಾಡುವಾಗ ಎಡಗೈ ಅಂಗೈ ಕೆಳಗೆ ಬೆಚ್ಚಗೆ ಆಗುತ್ತಿತ್ತು, ಈಗ ಇಲ್ಲ. ಪಿಡಿಎಫ್ ಓದುತ್ತಿದ್ದರೆ ಫ್ಯಾನ್ ಇದೆಯೋ ಇಲ್ಲವೋ ಅಂತ ಕಿವಿ ಹತ್ತಿರ ಇಟ್ಟು ನೋಡಬೇಕು. ನನ್ನ ಬಯೋಸ್‌ನಲ್ಲಿ ದೊಡ್ಡ ಕಾರ್ಡ್ ಆಫ್ ಮಾಡುವ ಆಯ್ಕೆ ಇಲ್ಲ, ಆ ಕೆಲಸವನ್ನು ಈ ಡ್ರೈವರ್ ಮಾಡಿಕೊಟ್ಟಿದೆ.

ಸಣ್ಣ ಕಿರಿಕಿರಿಗಳು ಇವೆ. ಒಳಗಿನ ಹಾರ್ಡ್‌ವೇರ್ ಪಟ್ಟಿ ನೋಡಲು ಎಲ್‌ಎಸ್‌ಪಿಸಿಐ ಅಂತ ಟೈಪ್ ಮಾಡಿದರೂ ಕಾರ್ಡ್ ಎದ್ದು ಕೂರುತ್ತದೆ, ಕಮಾಂಡ್ ಒಂದು ಕ್ಷಣ ತಡೆದು ಉತ್ತರ ಕೊಡುತ್ತದೆ. ಕೆಲವು ಬ್ರೌಸರ್‌ಗಳು ತೆರೆಯುವಾಗ ಎಷ್ಟು ಗ್ರಾಫಿಕ್ಸ್ ಇದೆ ಅಂತ ಎಣಿಸಲು ಹೋಗಿ ಅದನ್ನೇ ಮಾಡುತ್ತವೆ. ಮತ್ತೆ ಮಲಗುತ್ತದೆ ಬಿಡಿ.

ಗೇಮ್ ವಿಷಯಕ್ಕೆ ಬಂದರೆ ಮಾತ್ರ ನನ್ನ ಹೊಗಳಿಕೆ ತಣ್ಣಗಾಗುತ್ತದೆ. ‘ಡಿಆರ್‌ಐ_ಪ್ರೈಮ್=1’ ಅಂತ ಮುಂದೆ ಸೇರಿಸಿ ಪ್ರೋಗ್ರಾಂ ಶುರು ಮಾಡಿದರೆ ಅದು ರೇಡಿಯಾನ್‌ನಲ್ಲಿ ಓಡುತ್ತದೆ. ಹಳೇ ಓಪನ್‌ಜಿಎಲ್ ಗೇಮ್‌ಗಳಿಗೆ ಇಷ್ಟು ಸಾಕು. ಆದರೆ ಓಪನ್‌ಜಿಎಲ್ ನಂತರ ಬಂದ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯನ್ನು ಈ ಚಿಪ್‌ಗೆ ಎಎಂಡಿ ಕೊಡಲೇ ಇಲ್ಲ. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಸಾಮಾನ್ಯವಾಗಿ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಗ್ರಾಫಿಕ್ಸ್ ಅನ್ನು ವಲ್ಕನ್‌ಗೆ ಬದಲಿಸುತ್ತದೆ. ಅದೇ ಇಲ್ಲ ಅಂದಮೇಲೆ ಅದನ್ನು ಓಪನ್‌ಜಿಎಲ್‌ಗೆ ಬದಲಿಸುವ ಹಳೇ ವೈನ್‌ಡಿ3ಡಿ ದಾರಿಯೇ ಗತಿ. ಕೆಲವು ಓಡುತ್ತವೆ, ಕೆಲವು ತೆವಳುತ್ತವೆ. ಗೇಮ್ ಆಡುವುದೇ ನಿಮ್ಮ ಮುಖ್ಯ ಕೆಲಸವಾದರೆ ಈ ದಾರಿ ಬೇಡ, ವಿಂಡೋಸ್ ಪೂಜೆಯನ್ನೇ ಕಲಿತುಕೊಳ್ಳಿ. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅದು ತಲೆಯಲ್ಲಿರಲಿ.

ರೇಡಿಯಾನ್ ಬದಲು ಅದೇ ಕಾಲದ ಎನ್ವಿಡಿಯಾ ಕಂಪನಿಯ ಜೀಫೋರ್ಸ್ ಇರುವವರ ಪಾಡು ಬೇರೆ. 400, 500 ಸರಣಿಯ ಫರ್ಮಿ ಚಿಪ್‌ಗಳಿಗೆ ಲಿನಕ್ಸ್‌ನಲ್ಲಿ ಎನ್ವಿಡಿಯಾದ 390 ಡ್ರೈವರೇ ಕೊನೆ, ಅದರ ಬೆಂಬಲ 2022ರ ಕೊನೆಗೆ ಮುಗಿದಿದೆ. ಬೇಕಾದ ಪ್ರೋಗ್ರಾಂ ಮಾತ್ರ ಆ ಕಾರ್ಡ್‌ಗೆ ಕಳಿಸುವ ಸೌಲಭ್ಯ ಬಂದಿದ್ದು 2019ರಲ್ಲಿ, 435ರ ಜೊತೆ, ಹಾಗಾಗಿ 390ಕ್ಕೆ ಅದಿಲ್ಲ. ಕರ್ನಲ್ ಜೊತೆಗೇ ಬರುವ ಮುಕ್ತ ನೂವೋ ಡ್ರೈವರ್‌ನಲ್ಲಿ ಫರ್ಮಿ ಚಿಪ್‌ನ ವೇಗ ಏರಿಸಲು ಆಗುವುದಿಲ್ಲ, ಗೇಮ್‌ಗೆ ಪ್ರಯೋಜನ ಕಡಿಮೆ. ಕಾರ್ಡ್ ಮಲಗಿದ್ದರೆ ಸಾಕು ಅನ್ನುವ ನನ್ನಂಥವರು ನೂವೋ ಇಟ್ಟುಕೊಂಡು ಮೊದಲು ಆ ಸ್ವಿಚರೂ ಫೈಲ್ ನೋಡಿ.

ನಾನು ಸಣ್ಣದೊಂದು ವಿಂಡೋಸ್ ಪಾರ್ಟಿಷನ್ ಉಳಿಸಿಕೊಂಡಿದ್ದೇನೆ, ಅದಕ್ಕೆ ನೆಟ್ ಕೊಡುವುದಿಲ್ಲ. ಕಂಪನಿ ಕೊಟ್ಟ ಆ ಹಳೇ ಕಟ್ಟು ಮತ್ತು 15.7.1 ಎರಡೂ ಪೆನ್‌ಡ್ರೈವ್‌ನಲ್ಲಿವೆ. ನಿಮ್ಮ ಮಾಡೆಲ್‌ನ ಫೈಲ್ ಇನ್ನೂ ಸಿಗುತ್ತಿದ್ದರೆ ಇವತ್ತೇ ಇಳಿಸಿಕೊಳ್ಳಿ, ಇಂಥ ಹಳೇ ಪುಟಗಳು ಯಾವಾಗ ಹೋಗುತ್ತವೆ ಹೇಳಲಾಗದು.