ಟೊಯೊಟಾ ಎಸ್ಟಿಮಾ: ಯಾವ ಎಂಜಿನ್ ನಿಮಗೆ ಸೂಕ್ತ?

1990ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಎಸ್ಟಿಮಾ ಮಿನಿವ್ಯಾನ್‌ನ 2.4 ಲೀಟರ್ ಪೆಟ್ರೋಲ್ ಎಂಜಿನ್ ಮುಂದಿನ ಸೀಟುಗಳ ಕೆಳಗೆ 75 ಡಿಗ್ರಿ ವಾಲಿಕೊಂಡಿತ್ತು. ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್, ಏಸಿ ಕಂಪ್ರೆಸರ್‌ಗಳು ಮಾತ್ರ ಮುಂಭಾಗದಲ್ಲಿದ್ದು, ಉದ್ದನೆಯ ಶಾಫ್ಟ್ ಒಂದರಿಂದ ತಿರುಗುತ್ತಿದ್ದವು. ಗಾಡಿಯ ತೂಕ ಚೆನ್ನಾಗಿ ಹಂಚಿಕೆಯಾಯಿತು, ನಿಜ. ಆದರೆ ಆ ಇಕ್ಕಟ್ಟಿನಲ್ಲಿ ಆರು ಸಿಲಿಂಡರ್‌ಗಳ ದೊಡ್ಡ ವಿ6 ಎಂಜಿನ್ ಕೂರಿಸಲಾಗದೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಅಳವಡಿಸಿ ಶಕ್ತಿ ಹೆಚ್ಚಿಸಬೇಕಾಯಿತು. ವಿನ್ಯಾಸದ ದೃಷ್ಟಿಯಿಂದ ನನಗೆ ಅತ್ಯಂತ ಪ್ರಿಯವಾದದ್ದು ಇದೇ ಪೀಳಿಗೆ. ನಿತ್ಯದ ಓಡಾಟಕ್ಕೆ ಮಾತ್ರ ನಾನು ಇದನ್ನು ಸೂಚಿಸಲಾರೆ, ಏಕೆಂದರೆ ಎಂಜಿನ್ ರಿಪೇರಿ ತ್ರಾಸದ ಕೆಲಸ.

2000ದ ಎರಡನೇ ಪೀಳಿಗೆಯಲ್ಲಿ ಎಂಜಿನ್ ಮೂತಿಗೆ ಬಂದು, 3.0 ಲೀಟರ್ ವಿ6ಗೆ ಜಾಗವಾಯಿತು. 2001ರಲ್ಲಿ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಸೇರಿತು.

ಹಳೆಯ ಗಾಡಿ ಕೊಳ್ಳುವವರಿಗೆ ನಿಜವಾದ ಆಯ್ಕೆಯಿರುವುದು 2006ರಲ್ಲಿ ಬಂದು 2019ರವರೆಗೆ ತಯಾರಾದ ಮೂರನೇ ಪೀಳಿಗೆಯಲ್ಲಿ. ಇದರ 3.5 ಲೀಟರ್ ವಿ6 ಎಂಜಿನ್ನಿನ 280 ಅಶ್ವಶಕ್ತಿ, ಜನ ತುಂಬಿದ ಗಾಡಿಯನ್ನೂ ಏರುದಾರಿಯಲ್ಲಿ ಸಲೀಸಾಗಿ ಎಳೆಯುತ್ತದೆ, ಪೆಟ್ರೋಲನ್ನೂ ಅಷ್ಟೇ ಧಾರಾಳವಾಗಿ ಕುಡಿಯುತ್ತದೆ. ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್) ಇರುವ 2.4 ಲೀಟರ್ ಮಾದರಿ ಸಾಧಾರಣ ಕುಟುಂಬಕ್ಕೆ ಸಾಕು. ನಗರದ ದಟ್ಟಣೆಯಲ್ಲೇ ಹೆಚ್ಚು ಓಡಾಡುವವರು ಹೈಬ್ರಿಡ್ ಆರಿಸಿಕೊಳ್ಳಬಹುದು. ಹಿಂಬದಿ ಚಕ್ರಗಳಿಗೂ ಪ್ರತ್ಯೇಕ ಮೋಟಾರ್ ಇರುವ ಈ ಮಾದರಿಯಲ್ಲಿ ಬ್ಯಾಟರಿಯ ಸ್ಥಿತಿಯನ್ನು ಪರೀಕ್ಷಿಸಿಯೇ ಹಣ ಕೊಡಬೇಕು.