ಕಚೇರಿಯ ಊಟದ ಮೇಜಿಗೆ ಯಾವುದು ಹೊಂದೀತು: ಹಾಡಿನ ಪೆಟ್ಟಿಗೆ, ಆ್ಯಪ್, ರೇಡಿಯೊ

ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಏಳು ಮಂದಿ ಒಂದೇ ಮೇಜಿನ ಸುತ್ತ ಕೂರುತ್ತೇವೆ. ಆ ಅರ್ಧ ಗಂಟೆಯಲ್ಲಿ ನಮಗೆ ನಾಲ್ಕು ಹಾಡು ಬೇಕು, ದೆಹಲಿಯ ಸುದ್ದಿ ಬೇಕು, ಅದರ ಮೇಲೆ ಮಾತೂ ನಗೆಯೂ ಬೇಕು. ಇದಕ್ಕಾಗಿ ಮೂರು ಸಾಧನಗಳನ್ನು ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ: ಸಾವಿರಾರು ಹಳೆಯ ಹಾಡುಗಳನ್ನು ತುಂಬಿಸಿಕೊಂಡೇ ಬರುವ ಒಂದು ಪೆಟ್ಟಿಗೆ, ಆಕಾಶವಾಣಿಯ ವಾಹಿನಿಗಳನ್ನು ಕೇಳಿಸುವ ಒಂದು ಮೊಬೈಲ್ ಆ್ಯಪ್, ಮತ್ತು ಸೆಲ್ ಹಾಕಿ ನಡೆಸುವ ಸಾಮಾನ್ಯ ರೇಡಿಯೊ. ಈಗ ಮೇಜಿನ ಮೇಲೆ ಉಳಿದಿರುವುದು ರೇಡಿಯೊ. ಅದು ಉಳಿದದ್ದೇ ಸರಿ ಎಂದು ನಾನು ನಂಬಿದ್ದೇನೆ.

ಮೊದಲು ಕೊಂಡದ್ದು ಪೆಟ್ಟಿಗೆಯನ್ನು, 6,000 ರೂಪಾಯಿ ಕೊಟ್ಟು. ಅದರ ಧ್ವನಿ ಮೂರರಲ್ಲಿಯೂ ಉತ್ತಮವಾಗಿತ್ತು. ಆದರೆ ಹಾಡನ್ನು ಆರಿಸುವ ಗುಂಡಿ ಕೈಗೆ ಸಿಕ್ಕ ಕೂಡಲೇ ಏಳು ಮಂದಿಗೂ ಏಳು ಬಯಕೆಗಳು ಹುಟ್ಟಿದವು. ಒಬ್ಬರಿಗೆ ದಾಸರ ಪದ, ಇನ್ನೊಬ್ಬರಿಗೆ ಹಿಂದಿ ಚಿತ್ರಗೀತೆ, ಮತ್ತೊಬ್ಬರಿಗೆ ಭಾವಗೀತೆ. ಒಂದು ಹಾಡು ಪೂರ್ತಿ ಮುಗಿದ ದಿನವೇ ಅಪರೂಪವಾಯಿತು. ರೇಡಿಯೊದಲ್ಲಿ ಹಾಡನ್ನು ಆರಿಸುವವರು ನಿಲಯದಲ್ಲಿ ಕುಳಿತಿರುತ್ತಾರಾದ್ದರಿಂದ ಈ ಜಗಳಕ್ಕೆ ಆಸ್ಪದವೇ ಇಲ್ಲ. ಬೇಸಿಗೆ ರಜೆಗೆ ಊರಿಗೆ ಹೋದಾಗ ಪೆಟ್ಟಿಗೆಯನ್ನು ನನ್ನ ಅಕ್ಕನಿಗೆ ಕೊಟ್ಟು ಬಂದೆ. ಒಬ್ಬರೇ ಕುಳಿತು ಕೇಳುವವರಿಗೆ ಅದು ಒಳ್ಳೆಯ ವಸ್ತು.

ಆ್ಯಪ್‌ನ ಮಾತು ಬೇರೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕೂಡಿಡಲು ಜಾಗವೂ ಬೇಡ. 2016ರ ಜನವರಿ 26ರಂದು ಆರಂಭವಾದ, ದಿನದ ಇಪ್ಪತ್ತನಾಲ್ಕು ಗಂಟೆಯೂ ಶಾಸ್ತ್ರೀಯ ಸಂಗೀತವನ್ನೇ ಬಿತ್ತರಿಸುವ ‘ರಾಗಂ’ ವಾಹಿನಿ ಅದರಲ್ಲಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಇಂದಿಗೂ ಅಳಿಸಿಲ್ಲ. ಧಾರವಾಡ, ಮೈಸೂರು ನಿಲಯಗಳನ್ನೂ ಬೆಂಗಳೂರಿನಲ್ಲಿಯೇ ಕುಳಿತು ಸ್ಪಷ್ಟವಾಗಿ ಕೇಳಬಹುದು.

ಆದರೆ ಅದು ತಡವಾಗಿ ಕೇಳಿಸುತ್ತದೆ. ಈ ತೊಡಕು ನನಗೆ ಮನವರಿಕೆಯಾದದ್ದು 2024ರ ಜೂನ್ 4ರಂದು, ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ. ಮೇಜಿನ ಈ ತುದಿಯಲ್ಲಿ ನನ್ನ ರೇಡಿಯೊ, ಆ ತುದಿಯಲ್ಲಿ ಸಹೋದ್ಯೋಗಿಯೊಬ್ಬರ ಫೋನು, ಎರಡರಲ್ಲಿಯೂ ಒಂದೇ ನಿಲಯ, ಒಂದೇ ವಾರ್ತೆ. ರೇಡಿಯೊ ಒಂದು ವಾಕ್ಯವನ್ನು ಮುಗಿಸಿ ಮುಂದೆ ಹೋದ ಎಷ್ಟೋ ಹೊತ್ತಿಗೆ ಫೋನು ಅದೇ ವಾಕ್ಯವನ್ನು ಆರಂಭಿಸುತ್ತಿತ್ತು. ನಾನು ಗಡಿಯಾರ ಹಿಡಿದು ನೋಡಿದೆ. ನಲವತ್ತು ಸೆಕೆಂಡು ಅಂತರವಿತ್ತು. ನಾವು ಒಂದು ಕ್ಷೇತ್ರದ ಬಗ್ಗೆ ಮಾತಾಡಿ ಮುಗಿಸುವಷ್ಟರಲ್ಲಿ ಆ ಕಡೆಯಿಂದ ಉದ್ಗಾರ ಕೇಳಿಬರುತ್ತಿತ್ತು. "ಸಾರ್, ನಿಮ್ಮ ಕಡೆ ಎಣಿಕೆ ಮುಗಿದಿದ್ದರೆ ನಮ್ಮ ಕಡೆಗೂ ಸ್ವಲ್ಪ ಮತಪೆಟ್ಟಿಗೆ ಕಳಿಸಿ" ಎಂದು ಅವರೇ ಹೇಳಿದಾಗ ಇಡೀ ಕೋಣೆ ನಕ್ಕಿತು. ಅಂದಿನಿಂದ ನಮ್ಮಲ್ಲಿ ಬೆಳಗ್ಗೆ ತಡವಾಗಿ ಬಂದವರನ್ನು "ಆ್ಯಪ್‌ನಲ್ಲಿ ಬಂದಿರಾ?" ಎಂದು ಕೇಳುವ ವಾಡಿಕೆ ಬಿದ್ದಿದೆ.

ಅಂತರಕ್ಕೆ ಕಾರಣ ಸರಳವಾದದ್ದು. ಅಂತರ್ಜಾಲದಲ್ಲಿ ಧ್ವನಿ ಸಣ್ಣಸಣ್ಣ ತುಣುಕುಗಳಾಗಿ ಬರುತ್ತದೆ. ನಡುವೆ ಕಡಿದುಹೋಗಬಾರದೆಂದು ಫೋನು ಕೆಲವು ತುಣುಕುಗಳನ್ನು ಕೂಡಿಟ್ಟುಕೊಂಡ ಮೇಲೆಯೇ ನುಡಿಸಲು ತೊಡಗುತ್ತದೆ. ಸಂಗೀತಕ್ಕೆ ಇದರಿಂದ ತೊಂದರೆಯಿಲ್ಲ, ನಲವತ್ತು ಸೆಕೆಂಡು ತಡವಾಗಿ ಕೇಳಿದ ತೋಡಿ ರಾಗವೂ ತೋಡಿಯೇ. ಆದರೆ ಎಣಿಕೆಯ ದಿನ ಹಾಗಲ್ಲ. ಬಹುಮತಕ್ಕೆ 272 ಬೇಕು, ಬಿಜೆಪಿ 240ಕ್ಕೆ ನಿಂತಿದೆ, ಕಾಂಗ್ರೆಸ್ 99ಕ್ಕೆ ಏರಿದೆ, ಕರ್ನಾಟಕದಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2 ಎಂಬ ಲೆಕ್ಕ ಸಂಜೆಯಿಂದ ರಾತ್ರಿಯವರೆಗೆ ಒಂದೊಂದಾಗಿ ಗಟ್ಟಿಯಾಗುತ್ತಿದ್ದಾಗ, ಬೇರೆ ಬೇರೆ ಪಕ್ಷಗಳನ್ನು ಮೆಚ್ಚುವ ಏಳು ಮಂದಿ ಒಂದೇ ಕ್ಷಣದಲ್ಲಿ ಅದನ್ನು ಕೇಳಿ ಒಬ್ಬರ ಮುಖವನ್ನೊಬ್ಬರು ನೋಡುವುದರಲ್ಲಿ ಒಂದು ಸೊಗಸಿದೆ. ಅಂದು ಆರು ಗಂಟೆಯ ಮೇಲೂ ಯಾರೂ ಮನೆಗೆ ಏಳಲಿಲ್ಲ. ಫೋನಿನ ಸಹೋದ್ಯೋಗಿಯೇ ಅದನ್ನು ಬಂದ್ ಮಾಡಿ, ಕುರ್ಚಿ ಎಳೆದುಕೊಂಡು ನಮ್ಮ ತುದಿಗೆ ಬಂದರು.

ಕರೆ ಬಂದರೆ ಆ್ಯಪ್ ನಿಂತುಹೋಗುತ್ತದೆ. ಕಚೇರಿಯಲ್ಲಿ ಕರೆ ಬರದ ಅರ್ಧ ಗಂಟೆ ಎಲ್ಲಿಯದು?

ಇನ್ನು ರೇಡಿಯೊ. 1,400 ರೂಪಾಯಿ, ಮಧ್ಯಮ ತರಂಗ (ಮೀಡಿಯಂ ವೇವ್) ಮತ್ತು ಎಫ್‌ಎಂ ಎರಡೂ ಇವೆ. ವಿವಿಧ ಭಾರತಿಯ 102.9 ಮೆಗಾಹರ್ಟ್ಸ್ ಎಲ್ಲಿಟ್ಟರೂ ಬರುತ್ತದೆ. ಬೆಂಗಳೂರು ನಿಲಯದ 612 ಕಿಲೋಹರ್ಟ್ಸ್ ಮಾತ್ರ ಮೊದಲ ವಾರ ನನ್ನನ್ನು ಕಾಡಿತು, ಏಕೆಂದರೆ ಕಂಪ್ಯೂಟರು, ಯುಪಿಎಸ್, ಎಲ್‌ಇಡಿ ದೀಪಗಳ ವಿದ್ಯುತ್ ಮಂಡಲಗಳು ಮಧ್ಯಮ ತರಂಗದಲ್ಲಿ ಗೊರಗೊರ ಸದ್ದು ಎಬ್ಬಿಸುತ್ತವೆ. ಕಿಟಕಿಯ ಬಳಿಗೆ ಒಯ್ದು ರೇಡಿಯೊವನ್ನೇ ನಿಧಾನವಾಗಿ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಸದ್ದು ಅಡಗಿ ನಿಲಯ ತಿಳಿಯಾಗಿ ಕೇಳುತ್ತದೆ; ಮಧ್ಯಮ ತರಂಗದ ಆಂಟೆನಾ ಒಳಗಿರುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಯಾದ್ದರಿಂದ ಮೇಲಿನ ಉದ್ದನೆಯ ಕಡ್ಡಿಯನ್ನು ಎಳೆದು ಪ್ರಯೋಜನವಿಲ್ಲ. ಸರಿಯಾದ ಜಾಗಕ್ಕೆ ಕಿಟಕಿಯ ಕಟ್ಟೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದೇವೆ.

ಖಾಸಗಿ ಎಫ್‌ಎಂ ವಾಹಿನಿಗಳಿಗೆ ತಮ್ಮದೇ ವಾರ್ತೆಯನ್ನು ಸಿದ್ಧಪಡಿಸಿ ಓದುವ ಅನುಮತಿ ನಮ್ಮ ದೇಶದಲ್ಲಿ ಇಲ್ಲದ ಕಾರಣ, ರೇಡಿಯೊದಲ್ಲಿ ವಾರ್ತೆಯೆಂದರೆ ಆಕಾಶವಾಣಿಯದೇ. ಅದು ಸರ್ಕಾರದ ಕಡೆಯ ಮಾತನ್ನು ಹೆಚ್ಚು ಹೇಳುತ್ತದೆ ಎಂಬ ಆಕ್ಷೇಪ ನಮ್ಮ ಮೇಜಿನಲ್ಲಿಯೂ ಇದೆ, ನಾನು ಅದನ್ನು ಒಪ್ಪುತ್ತೇನೆ. ಹಾಗಿದ್ದರೂ ಕೆಲವೇ ನಿಮಿಷಗಳಲ್ಲಿ, ಕಿರುಚಾಟವಿಲ್ಲದೆ, ಶುದ್ಧ ಕನ್ನಡದಲ್ಲಿ ಓದಿದ ವಾರ್ತೆಯ ನಂತರ ವಾದಿಸಲು ನಮಗೆ ಸಮಯವೂ ತಾಳ್ಮೆಯೂ ಉಳಿಯುತ್ತವೆ.

ಒಬ್ಬರೇ ಕೇಳುವವರು, ಶಾಸ್ತ್ರೀಯ ಸಂಗೀತವೇ ಸಾಕೆನ್ನುವವರು ಆ್ಯಪ್ ಹಾಕಿಕೊಳ್ಳಲಿ. ನಾನು ಗುಂಪಿನಲ್ಲಿ ಉಣ್ಣುವವನು, ತಿಂಗಳ ಕೊನೆಯಲ್ಲಿ ಲೆಕ್ಕ ನೋಡಿ ಖರ್ಚು ಮಾಡುವವನು. ಸೆಲ್ಲುಗಳ ಖರ್ಚನ್ನು ಈಗ ಏಳು ಮಂದಿಯೂ ಸರದಿಯ ಮೇಲೆ ವಹಿಸಿಕೊಂಡಿದ್ದೇವೆ; ಈ ತಿಂಗಳ ಸರದಿ ಆ ಫೋನಿನವರದು.