ಅಚ್ಚಿಗೆ ಮುನ್ನವೇ ಮಾರಾಟ: ಸಣ್ಣ ಪ್ರಕಾಶಕರ ಆಟದ ಪುಸ್ತಕಗಳಿಗೆ ಕಿಕ್‌ಸ್ಟಾರ್ಟರ್ ಎಷ್ಟು ಒದಗುತ್ತದೆ?

ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ‘ಪ್ರಕಟಣಪೂರ್ವ ರಿಯಾಯಿತಿ’ ಘೋಷಿಸಿ ಓದುಗರಿಂದ ಮುಂಗಡ ಪಡೆಯುವುದು ಕನ್ನಡದ ಸಣ್ಣ ಪ್ರಕಾಶಕರಲ್ಲಿ ಹಳೆಯ ರೂಢಿ. ರೋಲ್‌ಪ್ಲೇಯಿಂಗ್ ಗೇಮ್‌ಗಳ ಸಣ್ಣ ಪ್ರಕಾಶಕರು ಇದೇ ಕೆಲಸಕ್ಕೆ ಬಹುಮಟ್ಟಿಗೆ ನೆಚ್ಚಿಕೊಂಡಿರುವುದು 2009ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಸೇವೆಯನ್ನು. ಈ ಆಟವನ್ನು ಅರಿಯದವರಿಗೆ ಇಷ್ಟು ಹೇಳಬಹುದು: ತಾಳಮದ್ದಳೆಯ ಅರ್ಥಧಾರಿಗಳಂತೆ ಇಲ್ಲಿಯೂ ವೇಷವಿಲ್ಲದೆ ಕುಳಿತಲ್ಲೇ ಪಾತ್ರವಾಗಿ ಮಾತನಾಡಬೇಕು, ಆದರೆ ಮುಂದಿನ ಕಥೆ ಯಾರಿಗೂ ತಿಳಿದಿರುವುದಿಲ್ಲ, ಅದನ್ನು ದಾಳ ತೀರ್ಮಾನಿಸುತ್ತದೆ. ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಹೊಸ ಊರು, ಹೊಸ ಗುಹೆ, ಹೊಸ ಶತ್ರುಗಳನ್ನು ಒದಗಿಸುವ ಪೂರಕ ಪುಸ್ತಕಗಳೇ ಈ ಬರಹದ ವಿಷಯ. ಬೆಂಗಳೂರಿನಲ್ಲಿ ಗೆಳೆಯರಿಗಾಗಿ ಆಟ ನಡೆಸುತ್ತ, ಇಂತಹ ಪುಸ್ತಕಗಳನ್ನು ಬಿಡುಗಡೆಗೆ ಮುನ್ನವೇ ಕೊಳ್ಳುತ್ತ ಬಂದಿರುವ ಗ್ರಾಹಕನಾಗಿ ನಾನು ಈ ಸೇವೆಯನ್ನು ತೂಗಿ ನೋಡಿದ್ದೇನೆ.

ಮುಂಗಡ ಮಾರಾಟ ಈ ಹವ್ಯಾಸಕ್ಕೆ ಹೊಸದೇನಲ್ಲ. 1976ರಲ್ಲಿ ಜಡ್ಜಸ್ ಗಿಲ್ಡ್ ಎಂಬ ಪುಟ್ಟ ಸಂಸ್ಥೆಯು ಜೆನ್ ಕಾನ್ ಎಂಬ ಆಟಗಳ ಸಮ್ಮೇಳನದಲ್ಲಿ ಕಲ್ಪಿತ ನಗರವೊಂದರ ದೊಡ್ಡ ನಕ್ಷೆಯನ್ನು ತೋರಿಸಿ, ಮುಂದೆ ಬರಲಿರುವ ಸಾಮಗ್ರಿಗೆ ಚಂದಾದಾರರನ್ನು ಕೂಡಿಸಿತ್ತು. ಪುಸ್ತಕ ಕೈಯಲ್ಲಿಲ್ಲದಿದ್ದರೂ ನಕ್ಷೆ ಕಣ್ಣೆದುರಿಗಿತ್ತು. ಇಂದಿಗೂ ಕಿಕ್‌ಸ್ಟಾರ್ಟರ್‌ನ ಪ್ರಚಾರ ಪುಟವೊಂದನ್ನು ನಾನು ಅಳೆಯುವುದು ಇದೇ ಅಳತೆಗೋಲಿನಿಂದ.

ಸೇವೆಯ ಏರ್ಪಾಡು ಸರಳವಾಗಿದೆ. ಪ್ರಕಾಶಕರು ಮೊದಲು ಮುನ್ಸೂಚನೆಯ ಪುಟವೊಂದನ್ನು ತೆರೆಯುತ್ತಾರೆ. ಅಲ್ಲಿನ ಗುಂಡಿ ಒತ್ತಿದವರಿಗೆ ಯೋಜನೆ, ಅಂದರೆ ಹಣ ಕೂಡಿಸುವ ಅಭಿಯಾನ, ಆರಂಭವಾದ ದಿನ ಮಿಂಚಂಚೆ ಬರುತ್ತದೆ. ಜಾಹೀರಾತಿಗೆ ಹಣವಿಲ್ಲದ ಒಬ್ಬೊಂಟಿ ಲೇಖಕನಿಗೆ ಈ ಗುಂಡಿಯಷ್ಟು ನೆರವಾಗುವ ಸೌಲಭ್ಯ ಈ ಸೇವೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಕಾಶಕರು ಘೋಷಿಸಿದ ಹಣದ ಗುರಿ ಅವಧಿಯೊಳಗೆ ಮುಟ್ಟಿದರೆ ಮಾತ್ರ ನಮ್ಮ ಕಾರ್ಡಿನಿಂದ ಹಣ ಕಡಿತವಾಗುತ್ತದೆ, ಮುಟ್ಟದಿದ್ದರೆ ಒಂದು ಪೈಸೆಯೂ ಹೋಗುವುದಿಲ್ಲ. ಗುರಿ ಮುಟ್ಟಿದ ಯೋಜನೆಯಿಂದ ಸಂಸ್ಥೆಯು ಶೇ. 5ರಷ್ಟು ಪಡೆಯುತ್ತದೆ, ಹಣ ಪಾವತಿಯ ಶುಲ್ಕ ಅದರ ಮೇಲೆ ಬೇರೆ. ಚಿತ್ರ ಅಥವಾ ಬರಹದಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸಿದ್ದರೆ ತಿಳಿಸಬೇಕೆಂಬ ನಿಯಮವೂ 2023ರಿಂದ ಜಾರಿಯಲ್ಲಿದೆ. ಚಿತ್ರಕ್ಕಾಗಿಯೇ ಪುಸ್ತಕ ಕೊಳ್ಳುವ ನನ್ನಂಥವರಿಗೆ ಇದು ಬೇಕಾಗಿದ್ದ ನಿಯಮ.

ಆದರೆ ಪುಟದಲ್ಲಿ ಏನನ್ನು ತೋರಿಸಬೇಕೆಂಬುದು ಬಹುಮಟ್ಟಿಗೆ ಪ್ರಕಾಶಕರ ವಿವೇಕಕ್ಕೆ ಬಿಟ್ಟದ್ದು, ವ್ಯತ್ಯಾಸವಿರುವುದೂ ಅಲ್ಲಿಯೇ. ಉಪ್ಪಿನ ಗಣಿಯೊಂದರೊಳಗೆ ನಡೆಯುವ 36 ಪುಟಗಳ ಸಾಹಸವೊಂದಕ್ಕೆ ಅದರ ಲೇಖಕರು ನಾಲ್ಕು ಪುಟಗಳ ಮಾದರಿಯನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಕೊಟ್ಟಿದ್ದರು. ಮನೆಯ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಮುದ್ರಿಸಿಕೊಂಡು, ಮಡಚಿ, ಪಿನ್ ಹೊಡೆದು, ಭಾನುವಾರ ಸಂಜೆ ನಾಲ್ವರು ಗೆಳೆಯರೊಂದಿಗೆ ಆಡಿಯೇಬಿಟ್ಟೆವು. ನಕ್ಷೆಯ ಪ್ರಕಾರ 7ನೇ ಕೋಣೆಯಿಂದ ಕೆಳಗಿಳಿಯುವ ಮೆಟ್ಟಿಲುಗಳಿದ್ದವು. ಬರಹದಲ್ಲಿ ಮಾತ್ರ ಅದೇ ಕೋಣೆಗೆ ಬಂದ ದಾರಿಯ ಹೊರತು ಬೇರೆ ದಾರಿಯಿಲ್ಲ ಎಂದಿತ್ತು. ಆಟಗಾರರು ಆ ವೇಳೆಗೆ ಹಗ್ಗ ಕಟ್ಟಿ ಗೋಡೆ ಅಗೆಯತೊಡಗಿದ್ದರು. ಮರುದಿನ ಲೇಖಕರಿಗೆ ಬರೆದೆ. ನಕ್ಷೆಯೇ ಸರಿ, ಬರಹ ಹಳೆಯ ಕರಡಿನದು ಎಂಬ ಉತ್ತರ ಎರಡು ದಿನಗಳಲ್ಲಿ ಬಂತು, ಅಂತಿಮ ಪ್ರತಿಯಲ್ಲಿ ತಪ್ಪು ತಿದ್ದಿತ್ತು. ಆ ಉತ್ತರ ಬಂದ ದಿನವೇ ನಾನು ಹಣ ತೊಡಗಿಸಲು ಒಪ್ಪಿದ್ದೆ. ಮುಖಪುಟದ ಚಿತ್ರವನ್ನೂ ಹತ್ತಾರು ವಿಶೇಷಣಗಳನ್ನೂ ಮಾತ್ರ ಮುಂದಿಡುವ ಪ್ರಚಾರ ಪುಟಗಳಿಂದ ಇಂತಹ ನಂಬಿಕೆ ಹುಟ್ಟುವುದಿಲ್ಲ.

ಸಣ್ಣ ಪ್ರಕಾಶಕರಿಗೆಂದೇ ಸಂಸ್ಥೆಯು 2019ರ ಫೆಬ್ರವರಿಯಲ್ಲಿ ಝೀನ್‌ಗಳ, ಅಂದರೆ ಲೇಖಕರೇ ಹೊರತರುವ ಪುಟ್ಟ ಪುಸ್ತಿಕೆಗಳ, ಯೋಜನೆಗಳಿಗಾಗಿ ಝೀನ್‌ಕ್ವೆಸ್ಟ್ ಎಂಬ ಕಾರ್ಯಕ್ರಮ ಆರಂಭಿಸಿತು. ಎ5 ಅಳತೆಯ, ಒಂದೇ ಬಣ್ಣದಲ್ಲಿ ಅಚ್ಚಾಗುವ ತೆಳು ಪುಸ್ತಿಕೆಗಳು, ಎರಡು ವಾರಗಳಲ್ಲಿ ಮುಗಿಯುವ ಯೋಜನೆಗಳು ಎಂಬ ಮಿತಿಗಳಿಂದಾಗಿ ಹೊಸಬರೂ ಧೈರ್ಯ ಮಾಡಿದರು. 2022ರಲ್ಲಿ ಅದನ್ನು ಆಗಸ್ಟ್‌ಗೆ ಮುಂದೂಡಿದಾಗ, ಕ್ರಿಪ್ಟೊ ಹಣದ ಹಿಂದಿರುವ ಬ್ಲಾಕ್‌ಚೈನ್ ತಂತ್ರಜ್ಞಾನಕ್ಕೆ ಸೇವೆಯನ್ನು ಒಯ್ಯುವುದಾಗಿ ಸಂಸ್ಥೆ ಮಾಡಿದ್ದ ಘೋಷಣೆಯಿಂದ ಮೊದಲೇ ಬೇಸತ್ತಿದ್ದ ಅನೇಕ ಲೇಖಕರು ಫೆಬ್ರವರಿಯನ್ನು ತಾವೇ ಝೀನ್ ತಿಂಗಳಾಗಿ ಆಚರಿಸಿದರು. ಮರುವರ್ಷ ಝೀನ್‌ಕ್ವೆಸ್ಟ್ ಫೆಬ್ರವರಿಗೇ ಮರಳಿತು. ಅಷ್ಟರಮಟ್ಟಿಗೆ ಲೇಖಕರ ಮಾತಿಗೆ ಬೆಲೆ ಸಿಕ್ಕಿತೆನ್ನಬೇಕು.

ನಮ್ಮ ಕಡೆಯಿಂದ ನೋಡಿದರೆ ತೊಡಕುಗಳು ಬೇರೆಯೇ ಇವೆ. ಒಮ್ಮೆ ಪುಸ್ತಕಕ್ಕೆ 12 ಡಾಲರ್ ಕೊಟ್ಟ ನನಗೆ ಪ್ರಕಾಶಕರೊಬ್ಬರು ತಿಂಗಳುಗಳ ಬಳಿಕ 19 ಡಾಲರ್ ಅಂಚೆ ವೆಚ್ಚದ ಬೇಡಿಕೆ ಕಳುಹಿಸಿದರು. ಮೂಗಿಗಿಂತ ಮೂಗುತಿ ಭಾರ. ಪುಸ್ತಕವೂ ಹೇಳಿದ ತಿಂಗಳಿಗಿಂತ ಒಂದು ವರ್ಷ ತಡವಾಗಿ, ಮೂಲೆ ಮುದುಡಿ ಬಂತು. ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ, ಪುಸ್ತಕ ತಲುಪುತ್ತದೆಂಬ ಖಾತರಿಯನ್ನೂ ಅದು ಕೊಡುವುದಿಲ್ಲ ಎಂಬುದನ್ನು ಹಣ ತೊಡಗಿಸುವ ಮೊದಲೇ ಮನಗಾಣಬೇಕು. ಇನ್ನೊಮ್ಮೆ ಯೋಜನೆ ಮುಗಿದ ರಾತ್ರಿ ನನ್ನ ಬ್ಯಾಂಕು ಪಾವತಿಯನ್ನು ತಿರಸ್ಕರಿಸಿತು. ಸರಿಪಡಿಸಲು ಏಳು ದಿನಗಳ ಅವಕಾಶವಿದ್ದುದರಿಂದ ಉಳಿದುಕೊಂಡೆ. ಆದ್ದರಿಂದ ಕಾರ್ಡಿನಲ್ಲಿ ವಿದೇಶಿ ವಹಿವಾಟಿನ ಅನುಮತಿಯನ್ನು ಮೊದಲೇ ಪಡೆದಿರುವುದು ಒಳ್ಳೆಯದು. ನಾನಂತೂ ಈಗ ಪಿಡಿಎಫ್ ಮಾತ್ರ ಕೊಳ್ಳುತ್ತೇನೆ.

ಸದ್ಯ ಜೌಗು ನೆಲದ ಊರೊಂದನ್ನು ಕುರಿತ ಪುಸ್ತಿಕೆಯ ಮುನ್ಸೂಚನೆ ಪುಟದಲ್ಲಿ ಗುಂಡಿ ಒತ್ತಿದ್ದೇನೆ. ಅಲ್ಲಿ ಈವರೆಗೆ ಮುಖಪುಟವೊಂದೇ ಕಾಣುತ್ತಿದೆ. ನಕ್ಷೆಯನ್ನು ತೋರಿಸಿ ಎಂದು ಲೇಖಕರಿಗೆ ಬರೆದು, ಉತ್ತರಕ್ಕೆ ಕಾಯುತ್ತಿದ್ದೇನೆ.